ಅರ್ಧ ನಿಮಿಷದ ರಾಹುಕಾಲ

ಶನಿವಾರ ಬೆಳಿಗ್ಗೆ, ಬೈಲಹೊಂಗಲದ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತ ಕಲ್ಮೇಶ ಫ್ಯಾನಿನ ಕೆಳಗೇ ಬೆವರುತ್ತಿದ್ದ. ಕಾರಣ, ನಾದಿನಿಯ ಮದುವೆ ವಿಡಿಯೋದ ಮೊದಲ ತುಣುಕು. ಕ್ಯಾಮೆರಾ ಚಾಲೂ ಆದದ್ದು ಗೊತ್ತಾಗದೆ, ವಿಡಿಯೋ ತೆಗೆಯುತ್ತಿದ್ದ ಗೆಳೆಯ ಕೌಶಿಕನಿಗೆ ಅವನು ಹೇಳಿದ್ದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು: "ನಮ್ಮತ್ತಿ ಮಾರಿ ಭಾಳ ಹತ್ರ ತಗೀಬ್ಯಾಡೋ, ಕೂಸುಗೋಳು ಅಂಜತಾವು."

ಸಂಪಗಾಂವದಲ್ಲಿ ಅತ್ತೆ ಯಲ್ಲವ್ವನ ಸೂರಿನಡಿ ಬಾಳುವ ಮನೆಅಳಿಯ ಅವನು. ಅಳಿಸಿಬಿಡೋಣವೆಂದರೆ, ವಿಡಿಯೋ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬರಲು ಅತ್ತೆ ಕಳಿಸಿದ ನೆರೆಮನೆಯ ಗಂಗಯ್ಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದ.

"ಅರವತ್ತೆರಡ ತುಣುಕ ಅದಾವು. ಒಂದೂ ಬಿಡಂಗಿಲ್ಲ ಅಂದಾಳ ಯಲ್ಲವ್ವ."

"ಆತ್ರಿ ಅಯ್ಯನವರ," ಎಂದು ಕಲ್ಮೇಶ ಹೊರಗೆ ಹೋಗಿ ಕೌಶಿಕನಿಗೆ ಫೋನ್ ಹಚ್ಚಿದ.

ಕೌಶಿಕ ನಕ್ಕ. "ಕಾಪಿ ಮುಗೀತು ಅಂತ ಕಂಪ್ಯೂಟರ್ ಅನ್ನೋದು ಖರೇ ಅಲ್ಲೋ. ಎಲ್ಲಾ ಮೆಮರಿಯೊಳಗ ಇಟಗೊಂಡಿರ್ತದ. ಪೆನ್‌ಡ್ರೈವಿಗೆ ಆಮ್ಯಾಲ ಸಾವಕಾಶ ಬರೀತದ. ಮುಗೀತು ಅಂದ ಕೂಡ್ಲೆ ಕಿತ್ತಬಿಡು, ಏನೂ ಇರಂಗಿಲ್ಲ. ನಾಳೆ ಆ ಮಾತು ಅಳಿಸಿ ಮತ್ತ ಹಾಕಿಕೊಟ್ರಾತು."

ಎಲ್ಲದಕ್ಕೂ 'ಆಯ್ತು' ಅಂದು ಕೆಲಸ ಆಮೇಲೆ ಮಾಡುವುದು! ಕಂಪ್ಯೂಟರೂ ಮನೆಅಳಿಯನ ಜಾತಿಯದೇ ಎಂದು ತಿಳಿದು ಕಲ್ಮೇಶನಿಗೆ ಅದರ ಮೇಲೆ ಪ್ರೀತಿ ಉಕ್ಕಿತು.

ಒಳಗೆ ಬಂದು ಕಾಪಿಗೆ ಹಚ್ಚಿದ. ಪರದೆಯ ಮೇಲೆ 'ಮುಗಿಯಿತು' ಎಂದು ಮೂಡಿತು. ಕಲ್ಮೇಶ ಕೈ ಚಾಚಿದ. ಗಂಗಯ್ಯ ಮಣಿಕಟ್ಟು ಹಿಡಿದುಬಿಟ್ಟ.

"ತಡೀರಿ! ರಾಹುಕಾಲ ಇನ್ನೂ ಅರ್ಧ ನಿಮಿಷ ಐತಿ."

"ಹಾಕೂ ಮುಂದ ಇರಲಿಲ್ಲೇನ್ರಿ ರಾಹುಕಾಲ?"

"ಹಾಕೂದು ನಡೀತೈತಿ. ತಗಿಯೂದು ನಡಿಯಂಗಿಲ್ಲ."

ಎಷ್ಟು ಕೊಸರಾಡಿದರೂ ಗಂಗಯ್ಯನ ಹಿಡಿತ ಸಡಿಲಲಿಲ್ಲ. ಬಿಟ್ಟ ಕ್ಷಣವೇ ಕಲ್ಮೇಶ ಪೆನ್‌ಡ್ರೈವನ್ನು ಹಲ್ಲು ಕಿತ್ತ ಹಾಗೆ ಕಿತ್ತ.

ಮಧ್ಯಾಹ್ನ ಸಂಪಗಾಂವದ ಮನೆಯಲ್ಲಿ ಅರ್ಧ ಓಣಿಯೇ ಟಿವಿ ಮುಂದೆ ಕೂತಿತ್ತು. ಅಕ್ಷತೆ ಇಲ್ಲ, ತಾಳಿ ಇಲ್ಲ, ಕಲ್ಮೇಶ ರಿಮೋಟಿನಿಂದ ಒತ್ತಿದ ತುಣುಕೆಲ್ಲ ಕಪ್ಪು ಪರದೆ. ಕಲ್ಮೇಶ ಒಳಗೊಳಗೇ ಕುಣಿಯುತ್ತ, ಮುಖ ಸಣ್ಣದು ಮಾಡಿಕೊಂಡು, "ಎಲ್ಲಾ ಹೋತ್ರಿ ಅತ್ತಿ," ಎಂದ.

"ಎಲ್ಲಾ ಎಲ್ಲಿ ಹೋತು?" ರಿಮೋಟ್ ಕಸಿದುಕೊಂಡ ಗಂಗಯ್ಯ ಹಿಗ್ಗಿದ. "ಅರ್ಧ ನಿಮಿಷ ತಡದಿದ್ದಕ್ಕ ಮೊದಲನೇದು ಒಂದು ಉಳದೈತಿ, ನೋಡ್ರಿ!"

ಟಿವಿ ತುಂಬ ಯಲ್ಲವ್ವನ ಮುಖ. ಹಿಂದಿನಿಂದ ಕಲ್ಮೇಶನ ದನಿ.

ಬೇರೇನೂ ಇರಲಿಲ್ಲವಾದ್ದರಿಂದ ಟಿವಿ ಅದನ್ನೇ ಮತ್ತೆ ಹಾಕಿತು. ಮೂರನೆಯ ಸಲ ಮುಗಿದ ಮೇಲೆ ಯಲ್ಲವ್ವ ಮಗಳ ಕಡೆ ತಿರುಗಿದಳು.

"ಶೈಲಾ, ನಿನ್ನ ಗಂಡನ ಅರಿವಿ ಚೀಲದಾಗ ತುಂಬು. ಈಗಿಂದೀಗ ತುಂಬು, ಆಮ್ಯಾಲ ಅನಬ್ಯಾಡ."