ನೆಲದ ಮೇಲೆ ಕೂತವನಿಗೆ ಹಾರ

ನನಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿಲ್ಲ ಎಂದು ಹತ್ತನೇ ಕ್ಲಾಸಿಗೆ ಬಂದ ದಿನದಿಂದ ನಂಬಿಕೊಂಡಿದ್ದೇನೆ. ಅದು ತೊಂದರೆಯಲ್ಲ. ನಮ್ಮ ಹೆಡ್‌ಮಾಸ್ಟರೂ ಅದನ್ನು ನಂಬಿಬಿಟ್ಟರಲ್ಲ, ಅದು ತೊಂದರೆ. ನಿಡುಗಲ್ ಬೆಟ್ಟದ ಕೆಳಗಿರುವ ನಮ್ಮೂರಿನ ಬಾವಿಯಲ್ಲಿ ಕೇರಿಯವರೂ ನೀರು ಸೇದುವಂತೆ ಹೋರಾಡಿದ ಹನುಮಂತಪ್ಪನವರ ಫೋಟೋವನ್ನು ಶಾಲೆಯ ಗೋಡೆಗೆ ಹಾಕುವ ಸಮಾರಂಭ. ಭಾಷಣ ನನ್ನದು, ಫೋಟೋ ಜವಾಬ್ದಾರಿಯೂ ನನ್ನದು. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರಿಂದ ಅವರ ಮುಖ ನೋಡಿಲ್ಲ ಎಂಬ ಸಣ್ಣ ಕೊರತೆಯೊಂದಿತ್ತು, ಅಷ್ಟೆ.

ಅವರ ಹೆಂಡತಿ ತಿಮ್ಮಕ್ಕಜ್ಜಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. "ಲೇ ಮಗಾ, ನಮ್ಮನೇಲಿ ನಮ್ಮೆಜಮಾನ್ರದು ಒಂದು ಪಟಾನೂ ಇಲ್ಲ ಕಣ್ಲಾ. ಮುಖಾನೇ ಮರ್ತೋಗ್ತಾ ಐತೆ. ಇನ್ನೊಂದ್ಸಲ ನೋಡುಸ್ಬುಡು, ಸಾಕು."

"ಬುಡಜ್ಜಿ, ನಾನಿದೀನಲ್ಲ!" ಎಂದೆ.

ಶಾಲೆಯ ಹಳೇ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ಹಿಂದುಗಡೆ 'ಬಾವಿ ರಾಜಿ, ಮಧುಗಿರಿ' ಎಂದು ಬರೆದಿತ್ತು. ಅದರಲ್ಲಿ ಇಬ್ಬರು. ಒಬ್ಬರು ಕೋಟು ಪೇಟದಲ್ಲಿ, ಕುರ್ಚಿಯ ಮೇಲೆ ಕಾಲ ಮೇಲೆ ಕಾಲು. ಇನ್ನೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ, ಮುಖ ಬಾಡಿದ ಬದನೆಕಾಯಿ. ಯಾರು ಯಾರೆಂದು ಹಿರಿಯರನ್ನು ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಇದರಲ್ಲಿ ಕೇಳುವುದಾದರೂ ಏನು? ಕುರ್ಚಿಯಲ್ಲಿ ಬಾವಿ ಬಿಟ್ಟುಕೊಡದಿದ್ದ ಊರ ಪಟೇಲರು, ನೆಲದ ಮೇಲೆ ನಮ್ಮ ಹೋರಾಟಗಾರರು! ಪಾವಗಡದ ಸ್ಟುಡಿಯೋದಲ್ಲಿ ನೆಲದ ಮೇಲಿದ್ದವರನ್ನು ಮಾತ್ರ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಅಜ್ಜಿಗೂ ಮುಂಚೆ ತೋರಿಸಲಿಲ್ಲ. ಪರದೆ ಸರಿಸಿದಾಗ ಚಪ್ಪಾಳೆ ಬೀಳಬೇಕಲ್ಲ.

ಪರದೆ ಎಂದರೆ ಹೆಡ್‌ಮಾಸ್ಟರ ಪಂಚೆ. ಅದು ಸರಿಯಿತು, ಹಾರ ಬಿತ್ತು, ನಾನು ಶುರು ಮಾಡಿದೆ: "ನೋಡಿ ಈ ಕಣ್ಣುಗಳನ್ನು! ಇವುಗಳಲ್ಲಿ ಶತಮಾನಗಳ ನೋವಿದೆ!" ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಡ್‌ಮಾಸ್ಟರು ನನ್ನನ್ನು ನೋಡಿದರು. ನಾನು ಪಂಚೆಯನ್ನು ನೋಡಿದೆ. ಏನಾಯಿತೆಂದು ನನಗೊಂದೂ ತಿಳಿಯಲಿಲ್ಲ.

ತಿಮ್ಮಕ್ಕಜ್ಜಿ ಚಾಪೆಯಿಂದ ಎದ್ದು ಹತ್ತಿರ ಬಂದರು. "ಏಮ್ರಾ ಇದಿ? ಏನ್ಲಾ ಇದು? ಇವ್ನು ಪಟೇಲ ಕಣ್ಲಾ! ಬಾವಿಗೆ ಮುಳ್ಳು ಹಾಕ್ಸಿದ್ದೋನು!"

"ಮತ್ತೆ... ನೆಲದ್ಮೇಲೆ ಕುಂತವ್ನಲ್ಲಜ್ಜಿ?"

"ರಾಜಿ ಆದ್ಮೇಲೆ ಪಟ ತೆಗ್ಸಾಕೋದ ಮಧುಗಿರಿ ಸ್ಟುಡಿಯೋದಾಗೆ ಇದ್ದುದ್ದು ಒಂದೇ ಕುರ್ಚಿ. ನಮ್ಮೆಜಮಾನ್ರು ಮೊದ್ಲೇ ಹೋಗಿ ಕುಂತ್ಬುಟ್ರು. ಎದ್ದೇಳ್ಲಾ ಅಂದ ಪಟೇಲ. ನಾ ಏಳಾಕಿಲ್ಲ, ಬೇಕಾದ್ರೆ ಹಿಂದೆ ನಿಂತ್ಕಳಿ ಪಟೇಲ್ರೇ ಅಂದ್ರು. ಕೇರಿಯೋನ ಬೆನ್ನಿಂದೆ ಆಳಂಗೆ ನಿಂತ್ಕಂಬೇಕಾ ಅಂತ ಉರ್ಕಂಡು ಕೆಳುಗ್ ಕುಂತ." ಅಜ್ಜಿ ನನ್ನನ್ನೇ ದಿಟ್ಟಿಸಿದರು. "ಅವ್ರು ಆ ಕುರ್ಚಿಯಾಗೆ ಕುಂತು ಎಷ್ಟೊರ್ಸ ಆಯ್ತು! ನೀನಿನ್ನೂ ನೆಲದ್ಮೇಲೇ ಹುಡುಕ್ತೀಯೇನ್ಲಾ?"

ನನ್ನ ಭಾಷಣದಲ್ಲಿ ಇನ್ನೂ ನಾಲ್ಕು ಹಾಳೆ ಸಮಾನತೆ ಬಾಕಿಯಿತ್ತು. ಅದನ್ನು ಮಡಚಿ, ಸಮಾಜ ಪಾಠದ ಪುಸ್ತಕದೊಳಗಿದ್ದ ಹಳೇ ಫೋಟೋ ತೆಗೆದುಕೊಟ್ಟೆ. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ಆಮೇಲೆ ಬೆರಳಿನಲ್ಲಿ ಕೋಟು ಸವರಿ ನಕ್ಕರು. "ಕೋಟು ಸ್ಟುಡಿಯೋದ್ದು ಕಣ್ಲಾ. ಕಾಲ್ಮೇಲ್ ಕಾಲು ಹಾಕ್ಕಂಡಿರೋದು ಮಾತ್ರ ಇವ್ರುದೇ."

ಅಷ್ಟರಲ್ಲಿ, ಸಮಾರಂಭದ ಫೋಟೋ ತೆಗೆಯಲು ಬಂದಿದ್ದ ಪಾವಗಡದ ಸ್ಟುಡಿಯೋದವನು, "ಒಂದು ಗ್ರೂಪ್ ಫೋಟೋ ತೆಗೆದ್ಬುಡನಾ ಸಾರ್" ಎಂದ. ವೇದಿಕೆಯ ಮೇಲೆ ಎರಡು ಕುರ್ಚಿಗಳಿದ್ದವು. ಒಂದು ಹೆಡ್‌ಮಾಸ್ಟರದು, ಇನ್ನೊಂದು ಭಾಷಣಕಾರನಾದ ನನ್ನದು. ಅಜ್ಜಿಗೆ ಇಷ್ಟು ಹೊತ್ತೂ ಚಾಪೆ! ಅದು ನನಗೆ ಹೊಳೆದದ್ದೇ ಆಗ. "ಇಲ್ಲಿ ಕುಂತ್ಕಳಜ್ಜಿ" ಎಂದು ಕುರ್ಚಿ ಎಳೆದುಕೊಟ್ಟು, ಹಿಂದೆ ನಿಲ್ಲಲು ಜಾಗವಿಲ್ಲದೆ ಕೆಳಗೆ ಕೂತೆ.

ಆ ಫೋಟೋ ಮೊನ್ನೆ ಬಂತು. ಅಜ್ಜಿ ಕುರ್ಚಿಯಲ್ಲಿ, ಮಡಿಲಲ್ಲಿ ಹಳೇ ಫೋಟೋ. ನಾನು ನೆಲದ ಮೇಲೆ, ಮುಖ ಬಾಡಿದ ಬದನೆಕಾಯಿ. ಹಿಂದುಗಡೆ ಯಾರು ಯಾರೆಂದು ನಾನೇ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಯಾವನಾದರೂ ಹತ್ತನೇ ಕ್ಲಾಸಿನ ಜಾಣ ನನ್ನ ಕಣ್ಣಲ್ಲೂ ಶತಮಾನಗಳ ನೋವು ಕಂಡುಬಿಟ್ಟಾನು.