ಬೀಜದ ಹೀರೆಕಾಯಿಯ ಡಿಸ್ಚಾರ್ಜು

ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವುದಕ್ಕೆ ಹದಿನೈದು ನಿಮಿಷ ಸಾಕು. ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಹೆಡ್ ನರ್ಸಾಗಿ ನಿವೃತ್ತಳಾದ ನಾನು ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿಯವಳು ಮಂಚದಿಂದ ಮಂಚಕ್ಕೆ ನಡೆದು, ಇವರಿಗೆ ಜ್ವರ ಇಳಿದಿದೆ, ಅವರ ಡ್ರಿಪ್ ಮುಗಿಯುತ್ತ ಬಂದಿದೆ ಎಂದು ಒಪ್ಪಿಸುತ್ತಿದ್ದಳು. ಎಂಟೂಕಾಲಿಗೆ ವಾರ್ಡು ನಮ್ಮದು. ಈ ಶಿಸ್ತನ್ನು ಋತುಗಳಿಗೆ ಯಾರೂ ಕಲಿಸಿಲ್ಲ. ಮಳೆಗಾಲ ಹೊರಟೆ ಎನ್ನುತ್ತದೆ, ಛತ್ರಿ ಮರೆತವರ ಹಾಗೆ ಮಧ್ಯಾಹ್ನ ನಾಲ್ಕಕ್ಕೆ ವಾಪಸು ಬರುತ್ತದೆ. ಚಳಿಗಾಲ ಎರಡು ದಿನ ಮಂಜು ತೋರಿಸಿ ಹಾಜರಿ ಹಾಕಿ, ಮೂರನೆಯ ದಿನ ರಜೆ ಹಾಕುತ್ತದೆ.

ನನ್ನ ತಮ್ಮನಿಗೆ ಹೊರಮಾವಿನಲ್ಲಿ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಹನ್ನೆರಡು ಗುಂಟೆ ತರಕಾರಿ ತೋಟವಿದೆ. ಈ ಸಲ ದಸರೆಗೆ ಮುಂಚೆ ಅವನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಮಳೆಗಾಲದ ಬೆಂಡೆ, ಹೀರೆ ತೆಗೆದು ಮೂಲಂಗಿ, ಮೆಂತ್ಯ, ಎಲೆಕೋಸು ಹಾಕುವ ಕಾಲ. ಜೋಗುಪಾಳ್ಯದಿಂದ ದಿನಾ ಬಂದು ಒಂದು ತಿಂಗಳು ನೋಡಿಕೊಳ್ಳಲು ನನ್ನನ್ನು ಕೇಳಿದ. ಮುನಿಯಮ್ಮ ಎಲ್ಲ ಮಾಡುತ್ತಾಳೆ, ನೀನು ಸುಮ್ಮನೆ ಕೂತಿದ್ದರೆ ಸಾಕು ಎಂದೂ ಹೇಳಿದ. ಐವತ್ತೆಂಟು ವರ್ಷದಿಂದ ನನ್ನ ತಮ್ಮನಾಗಿದ್ದರೂ, ನನಗೆ ಸುಮ್ಮನೆ ಕೂರಲು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲ.

ಮುನಿಯಮ್ಮ ಆ ಊರಿನವಳೇ. ಇಪ್ಪತ್ತು ವರ್ಷದಿಂದ ಆ ತೋಟ ಅವಳ ಕೈಯಲ್ಲಿದೆ. ನನ್ನನ್ನು ಸಿಸ್ಟ್ರಮ್ಮ ಎನ್ನುತ್ತಾಳೆ. ನಾನು ಬೆಳೆ ಬದಲಾವಣೆಗೆ ವೇಳಾಪಟ್ಟಿ ಬರೆದು ಪಂಪಿನ ಮನೆಯ ಬಾಗಿಲಿಗೆ ಅಂಟಿಸಿದಾಗ ಅವಳು ಅದನ್ನು ಬಹಳ ಗೌರವದಿಂದ ನೋಡಿದಳು. ಆಮೇಲೆ ಅದರತ್ತ ತಿರುಗಲಿಲ್ಲ. ಬೆಂಡೆ ಸೋಮವಾರ ಹೊರಡಬೇಕಿತ್ತು. ಸೋಮವಾರವೇ ಅದು ಹೊಸದಾಗಿ ಹೂ ಬಿಟ್ಟಿತು. ಹೂವಿರುವ ಗಿಡ ಕೀಳಬಾರದು ಎಂದು ಅವಳು ಗುರುವಾರದ ತನಕ ಕಾದಳು. ಗುರುವಾರ ಮಳೆ. ಹೀಗೆ ವಾರ್ಡು ತುಂಬ ಡಿಸ್ಚಾರ್ಜಾಗಬೇಕಾದ ಪೇಷೆಂಟುಗಳು ಮಲಗಿಕೊಂಡಿದ್ದರೆ ಹೊಸಬರನ್ನು ಎಲ್ಲಿ ಮಲಗಿಸುವುದು? ಎಲೆಕೋಸಿನ ಸಸಿಗಳು ಟ್ರೇಗಳಲ್ಲಿ ಕತ್ತು ಚಾಚಿಕೊಂಡು ನಿಂತಿದ್ದವು.

ಅಷ್ಟರಲ್ಲಿ ಹಬ್ಬ. ಮುನಿಯಮ್ಮ ಗುದ್ದಲಿ, ಕುಡುಗೋಲುಗಳಿಗೆ ಕುಂಕುಮವಿಟ್ಟು ಆಯುಧಪೂಜೆ ಮುಗಿಸಿ, ಮಾಲೂರಿನ ಮಗಳ ಮನೆಗೆ ನಾಲ್ಕು ದಿನಕ್ಕೆ ಹೊರಟಳು. ಹೋಗುವಾಗ, "ಸಿಸ್ಟ್ರಮ್ಮ, ಆ ಹೀರೆ ಚಪ್ಪರದಾಗೆ ಇದಾವಲ್ಲ..." ಎಂದು ಏನೋ ಶುರು ಮಾಡಿದ್ದಳು. ನಾನು ಗಡಿಯಾರ ನೋಡಿ, ಬಸ್ಸು ತಪ್ಪುತ್ತದೆ, ಹೊರಡು ಎಂದು ಕಳಿಸಿಬಿಟ್ಟೆ. ಪಾಳಿ ಒಪ್ಪಿಸಲು ಬಂದವಳನ್ನು ಅರ್ಧ ಮಾತಿನಲ್ಲಿ ಅಟ್ಟಿದ ಎಳೆಯ ನರ್ಸುಗಳನ್ನು ನಾನು ಎಷ್ಟು ಬೈದಿಲ್ಲ!

ನಾಲ್ಕು ದಿನ ತೋಟ ನನ್ನದು. ಗುದ್ದಲಿ, ಕುಡುಗೋಲು ಪೂಜೆಗಿಟ್ಟಲ್ಲೇ ಇದ್ದುದರಿಂದ ನನ್ನ ಕತ್ತರಿಯಲ್ಲೇ ಶುರು ಮಾಡಿದೆ. ಹೀರೆ ಚಪ್ಪರದಲ್ಲಿ ಒಂಬತ್ತು ಕಾಯಿಗಳು ಬಲಿತು, ಒಣಗಿ, ಕಂದುಬಣ್ಣಕ್ಕೆ ತಿರುಗಿ ನೇತಾಡುತ್ತಿದ್ದವು. ಪ್ರತಿಯೊಂದರ ತೊಟ್ಟಿಗೂ ಒಂದೊಂದು ಕೊಳಕು ಕೆಂಪು ಬಟ್ಟೆಚೂರು. ಕೊಳಕು ಬ್ಯಾಂಡೇಜು ಕಂಡರೆ ನನ್ನ ಕೈ ತಡೆಯುವುದಿಲ್ಲ. ಬಟ್ಟೆಚೂರುಗಳನ್ನೆಲ್ಲ ಕತ್ತರಿಸಿ ಸುಟ್ಟೆ. ಮರುದಿನ ಬಳ್ಳಿಗಳನ್ನು ಕಿತ್ತೆ. ಒಣಗಿದ ಕಾಯಿಗಳನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಮನೆಗೆ ತಂದು ಸಿಪ್ಪೆ ಬಿಡಿಸಿ, ಬೀಜ ಕೊಡವಿ ಹಸಿಕಸದ ಗಾಡಿಗೆ ಹಾಕಿ, ಒಳಗಿನ ನಾರನ್ನು ಮೈಯುಜ್ಜಲು ಚೆಂದವಾಗಿ ಸಜ್ಜುಗೊಳಿಸಿದೆ. ಬೀದಿಯ ಎಂಟು ಮನೆಗಳಿಗೆ ಹಬ್ಬದ ಉಡುಗೊರೆಯಾಗಿ ಹಂಚಿದೆ. ಎಲ್ಲರೂ ಹೊಗಳಿದರು.

ಮುನಿಯಮ್ಮ ಬಂದವಳು ಬರಿಯ ಚಪ್ಪರದ ಕೆಳಗೆ ನಿಂತು, ಬಟ್ಟೆ ಕಟ್ಟಿದ್ದ ಕಾಯಿಗಳೆಲ್ಲಿ ಎಂದು ಕೇಳಿದಳು. ಬೀಜಕ್ಕೆ ಬಿಟ್ಟ ಕಾಯಿಗೆ ಬಟ್ಟೆ ಕಟ್ಟಿ ಗುರುತು ಮಾಡುವುದು ಪದ್ಧತಿಯಂತೆ. ಅದು ಅವಳ ಅತ್ತೆಯ ಕಾಲದ ಹೀರೆ. ಅಂಗಡಿಯಲ್ಲಿ ಸಿಗದು, ಊರಲ್ಲಿ ಬೇರೆ ಯಾರ ಹತ್ತಿರವೂ ಉಳಿದಿಲ್ಲ. ಬೀಜ ಕೊಡವಿದ್ದು, ಎಂಟು ಮನೆಗೆ ನಾರು ಹಂಚಿದ್ದು ಎಲ್ಲ ಒಪ್ಪಿಕೊಂಡೆ. ಅವಳು ಕೂಗಾಡಿದ್ದರೆ ವಾಸಿಯಿತ್ತು.

"ಅತ್ತೆ ಸಾಯೋ ಮುಂದೆ ಬೇರೇನೂ ಕೊಡ್ಲಿಲ್ಲ ಸಿಸ್ಟ್ರಮ್ಮ. ಇದೊಂದು ಕೊಟ್ಟಿದ್ಲು," ಎಂದಳು.

ನಾರಿನ ಮಧ್ಯೆ ಒಂದೆರಡು ಬೀಜ ಸಿಕ್ಕಿಕೊಂಡಿರಬಹುದು ಎಂದು ಹೊಳೆದದ್ದೂ ಅವಳಿಗೇ. ಅಂದು ಮಧ್ಯಾಹ್ನ ನಾವಿಬ್ಬರೂ ಜೋಗುಪಾಳ್ಯದಲ್ಲಿ ಮನೆಮನೆಗೆ ಹೋದೆವು. ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ಕೇಳುವುದು ಕಷ್ಟ. ಬಚ್ಚಲಮನೆ ಸೇರಿದ್ದನ್ನು ಕೇಳುವುದು ಇನ್ನೂ ಕಷ್ಟ. ಎದುರುಮನೆಯ ಸೆಲ್ವಿಯ ಹತ್ತಿರ, "ನಿಮ್ದು ಸ್ನಾನ ಆಯ್ತಾ?" ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಆಂಟಿ, ರಿಟೈರ್ ಆದ್ಮೇಲೂ ರೌಂಡ್ಸ್ ಬಿಟ್ಟಿಲ್ವಾ?" ಎಂದಳು. ಒಬ್ಬರು ಪಾತ್ರೆ ತಿಕ್ಕಿದ್ದರು. ಇನ್ನೊಬ್ಬರು ನಾಯಿಗೆ ಮೈ ತೊಳೆದಿದ್ದರು. ಮುನಿಯಮ್ಮ ಪ್ರತಿ ನಾರನ್ನೂ ಬೆಳಕಿಗೆ ಹಿಡಿದು ಬೆರಳಿನಿಂದ ಬಿಡಿಸುತ್ತಿದ್ದಳು. ಕೊನೆಗೆ ಸೆರಗಿನಲ್ಲಿ ಆರು ಬೀಜ ಉಳಿದವು. ನಮ್ಮ ಮನೆಯ ಜಗುಲಿಯಲ್ಲಿ ಚೊಂಬಿನ ನೀರಿಗೆ ಹಾಕಿದಳು. ಜೊಳ್ಳಾದದ್ದು ತೇಲುತ್ತದೆ, ಗಟ್ಟಿಯಾದದ್ದು ಮುಳುಗುತ್ತದೆ. ಆರೂ ತೇಲಿದವು.

ಅವಳು ನೀರನ್ನೇ ನೋಡುತ್ತ, "ಕಾಯಿ ಒಂಬತ್ತು. ಮನೆ ಎಂಟು," ಎಂದಳು.

ಒಂಬತ್ತನೆಯದು ನಮ್ಮ ಮನೆಯಲ್ಲಿತ್ತು. ಎಲ್ಲಕ್ಕಿಂತ ಉದ್ದವಾದ, ನೇರವಾದ, ಒಂದೂ ಹುಳುಕಿಲ್ಲದ ಕಾಯಿಯನ್ನು ನಾನೇ ಇಟ್ಟುಕೊಂಡಿದ್ದೆ. ಅದು ಹರಿದೀತೆಂದು ಬೀಜವನ್ನೂ ಪೂರ್ತಿ ಕೊಡವಿರಲಿಲ್ಲ. ಬೀಜಕ್ಕೆಂದು ಮುನಿಯಮ್ಮ ಮೊದಲು ಆರಿಸಿದ್ದೂ ಅದನ್ನೇ. ಆಗ ಸಂಜೆ ಆರು ದಾಟಿ ಸರಿಯಾಗಿ ಆರು ನಿಮಿಷ. ಆರಕ್ಕೆ ನನ್ನ ಯಜಮಾನರ ಸ್ನಾನ, ಒಳಗೆ ನೀರು ಸುರಿಯುವ ಸದ್ದು. ಓಡಿ ಹೋಗಿ ಬಾಗಿಲು ಬಡಿದೆ.

"ನಂಗೆ ಇನ್ನೂ ನಾಲ್ಕು ನಿಮಿಷ ಇದೆ ಕಣೇ," ಎಂದು ಒಳಗಿನಿಂದ ಉತ್ತರ ಬಂತು. ಸ್ನಾನಕ್ಕೆ ಹತ್ತು ನಿಮಿಷ ಎಂದು ಗೊತ್ತು ಮಾಡಿದವಳು ನಾನೇ. ನಾವಿಬ್ಬರೂ ಬಾಗಿಲ ಮುಂದೆ ನಾಲ್ಕು ನಿಮಿಷ ನಿಂತೆವು. ಅವರು ಒಂದು ನಿಮಿಷವನ್ನೂ ಬಿಟ್ಟುಕೊಡಲಿಲ್ಲ.

ಬಾಗಿಲು ತೆರೆದಾಗ ಅವರ ಕೈಯಲ್ಲಿ ಸೋಪಿನ ಡಬ್ಬಿ ಇತ್ತು. ಅದರೊಳಗೆ ಹನ್ನೊಂದು ಕಪ್ಪು ಬೀಜ, ಒರೆಸಿ, ಸಾಲಾಗಿ. "ಮೂರು ದಿನದಿಂದ ಉದುರ್ತಾ ಇತ್ತು. ಏನು ಅಂತ ಗೊತ್ತಾಗ್ಲಿಲ್ಲ. ಎಸೆಯೋಕೆ ಮೊದ್ಲು ನಿನ್ನ ಕೇಳ್ಬೇಕಲ್ಲ ಅಂತ ಇಟ್ಟಿದ್ದೆ," ಎಂದರು.

ಚೊಂಬಿನಲ್ಲಿ ಒಂಬತ್ತು ಮುಳುಗಿದವು. ಮುನಿಯಮ್ಮ ಅವನ್ನು ಸೆರಗಿಗೆ ಕಟ್ಟಿಕೊಂಡು, ನನ್ನನ್ನು ದಾಟಿ, ಅವರಿಗೆ ಕೈಮುಗಿದು ಹೋದಳು. ಕೇಳದೆ ಏನನ್ನೂ ಎಸೆಯಬಾರದೆಂಬ ನಿಯಮ ನಮ್ಮ ಮನೆಯಲ್ಲಿ ಮೂವತ್ತೈದು ವರ್ಷದಿಂದ ಜಾರಿಯಲ್ಲಿದೆ. ಅದನ್ನು ಮಾಡಿದವಳು ನಾನು, ಪಾಲಿಸುತ್ತಿರುವವರು ಅವರೊಬ್ಬರೇ.