ಮಠದ ಕಾಲೇಜಿನ ಗ್ಯಾದರಿಂಗ್ ಕುದುರಿಸಿದ್ದು

ಜಗತ್ತಿನಲ್ಲಿ ಬಗೆಹರಿಯದೆ ಉಳಿದ ಜಗಳಗಳೆಲ್ಲ ಬೆಲೆಯನ್ನು ಗಟ್ಟಿಯಾಗಿ ಕೂಗಿ ಹೇಳಿದ್ದರಿಂದಲೇ ಹುಟ್ಟಿದವು ಎಂಬುದು ನನ್ನ ಸಿದ್ಧಾಂತ. ನಾಲ್ಕು ಜನರ ಎದುರು ಒಂದು ಮಾತು ಆಡಿಬಿಟ್ಟವನು ಆಮೇಲೆ ಇಳಿಯಬೇಕೆಂದರೂ ಇಳಿಯಲಾರ. ಮನಸ್ಸು ಇಳಿದರೂ ಮೀಸೆ ಇಳಿಯುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಹಾವೇರಿಯ ದನದ ಸಂತೆಯಲ್ಲಿ ದಲಾಲಿಯಾಗಿ ನಿಂತು ಕಲಿತದ್ದು. ಅಲ್ಲಿ ಎತ್ತನ್ನು ಒಂಟಿಯಾಗಿ ಕೊಡುವವರು ಕಡಿಮೆ, ಜೋಡಿಯ ಲೆಕ್ಕವೇ ಹೆಚ್ಚು. ಅದರ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಅಡಿಯಲ್ಲಿ ಕೈಹಿಡಿದು, ಬೆರಳು ಅಮುಕಿ ಅಮುಕಿ ಮಾತಾಡುತ್ತಾರೆ. ಬಾಯಲ್ಲಿ ಮಾತ್ರ ಮಳೆ ಬೆಳೆಯ ಸಮಾಚಾರ. ಕುದುರಿದರೆ ಸೈ. ಮುರಿದರೂ, ಯಾರು ಎಲ್ಲಿಯವರೆಗೆ ಇಳಿದಿದ್ದರು ಎಂಬುದು ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಇಬ್ಬರ ಮಾನವೂ ಉಳಿಯುತ್ತದೆ.

ಈಗ ನಾನು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅಗಡಿಯಿಂದ ಬರಿಗೈಯಲ್ಲಿ ಬಂದವನು ಇಂದು ಹಾವೇರಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಟೆಂಡರು ಕಂಪ್ಯೂಟರಿಗೆ ಹೋಗಿದೆ, ಆದರೆ ಚೌಕಾಶಿ ನನ್ನ ರಕ್ತದಿಂದ ಹೋಗಿಲ್ಲ. ರಾಣೆಬೆನ್ನೂರಿನ ಸೀರೆ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, ನನ್ನ ಹೆಂಡತಿ ಗಿರಿಜಾ ಪಕ್ಕದ ಅಂಗಡಿಗೆ ಹೋಗಿ, ನನಗೂ ತನಗೂ ಗುರುತೇ ಇಲ್ಲದವಳಂತೆ ಸ್ಟೀಲ್ ಪಾತ್ರೆ ನೋಡುತ್ತ ನಿಲ್ಲುತ್ತಾಳೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮನಸ್ಸಿಗೆ ಬಂದ ಸೀರೆಯನ್ನು ಎಂದೂ ಮೊದಲು ಮುಟ್ಟಬೇಡಿ. ಬೇಡವಾದ ಸೀರೆಯನ್ನು ಚೆನ್ನಾಗಿ ಬೈದು, ಎದ್ದು ಹೊರಡುವಾಗ ಬೇಕಾದದ್ದರ ಕಡೆ ಕಣ್ಣು ಹಾಯಿಸಿ "ಇದೇನು, ಇದೂ ಹಂಗಽ ಏನು?" ಎಂದು ಕೇಳಿ. ಅಂಗಡಿಯವನು ನಿಮ್ಮ ಹಿಂದೆಯೇ ಬರುತ್ತಾನೆ.

ಇಂಥ ನಾನು ನಮ್ಮೂರಿನ ಒಂದು ಮಠದ ಸಣ್ಣ ಕಾಲೇಜಿನ ಕಮಿಟಿಯ ಸದಸ್ಯ. ಓದಿದ್ದು ಏಳನೆಯ ಇಯತ್ತೆ, ಕೂರುವುದು ಎಂ.ಎ. ಆದವರ ನಡುವೆ. ಆ ಕಾಲೇಜಿನಲ್ಲಿ ಹುಡುಗರಿಗೆ ಒಂದು ಮೆಟ್ಟಿಲು, ಹುಡುಗಿಯರಿಗೆ ಇನ್ನೊಂದು ಮೆಟ್ಟಿಲು. ಅವರ ಸಾಮಾಜಿಕ ಜೀವನವೇನಿದ್ದರೂ ಸೋಮವಾರದ ಪ್ರಸಾದದ ಸಾಲಿನಲ್ಲಿ, ಗೋಧಿ ಹುಗ್ಗಿ ಆರುವಷ್ಟು ಹೊತ್ತು. ಉಳಿದ ಸಂತೋಷಕ್ಕೆಲ್ಲ ವರ್ಷಕ್ಕೊಂದೇ ಹಬ್ಬ, ಅದು ಗ್ಯಾದರಿಂಗ್. ದಕ್ಷಿಣದವರು ಅದನ್ನು ವಾರ್ಷಿಕೋತ್ಸವ ಎನ್ನುತ್ತಾರಂತೆ. ಆ ಶಬ್ದಕ್ಕೆ ಕುಣಿಯಲು ಬರುವುದಿಲ್ಲ.

ನನ್ನ ತಮ್ಮನ ಮಗಳು ನೇತ್ರಾ ನಮ್ಮ ಮನೆಯಲ್ಲಿದ್ದು ಅಲ್ಲಿಯೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಸಾಂಸ್ಕೃತಿಕ ಕಾರ್ಯದರ್ಶಿ ಬೇರೆ. ನಮ್ಮ ಮಾಳಿಗೆಯ ಮೇಲೆ ಗೆಳತಿಯರನ್ನು ಕಟ್ಟಿಕೊಂಡು ಆಕೆ ಎಷ್ಟು ತಾಲೀಮು ನಡೆಸಿದ್ದಳೆಂದರೆ, ಕೆಳಗೆ ನನ್ನ ಚಹಾದ ಕಪ್ಪಿನಲ್ಲಿ ತೆರೆ ಏಳುತ್ತಿದ್ದವು. ಒಂದು ಸಂಜೆ ಮಾಳಿಗೆ ಸುಮ್ಮನಾಯಿತು. ನೇತ್ರಾ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದುಬಂದಳು.

"ದೊಡ್ಡಪ್ಪ, ಈ ವರ್ಷ ಗ್ಯಾದರಿಂಗ್ ಇಲ್ಲಂತ. ಪ್ರವಚನ ಇಟ್ಟಾರಂತ."

"ಯಾಕವಾ, ಏನಾತು?"

"ಹೋದ ವರ್ಷದ ಫಿಶ್‌ಪಾಂಡ್ ಸಲುವಾಗಿ. ಮುಂದಿನ ವರ್ಷ ನಾ ಇಲ್ಲಿ ಇರಾಂಗಿಲ್ಲ. ಕೊನೀ ವರ್ಷ ಸ್ಟೇಜ್ ಹತ್ತದಽ ಹೋಗಬೇಕೇನು?"

ಫಿಶ್‌ಪಾಂಡ್ ಎಂದರೆ ಮೀನೂ ಅಲ್ಲ, ಕೊಳವೂ ಅಲ್ಲ. ಒಂದು ಡಬ್ಬಿಯಲ್ಲಿ ಹುಡುಗರು ಹೆಸರು ಹಾಕದೆ ಚೀಟಿ ಬರೆದು ಹಾಕುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಬಿರುದು. ಅದನ್ನು ಗ್ಯಾದರಿಂಗಿನ ದಿನ ಮೈಕಿನಲ್ಲಿ ಓದುತ್ತಾರೆ. ಹೋದ ವರ್ಷ ಪ್ರಿನ್ಸಿಪಾಲರಿಗೆ ಬಂದ ಬಿರುದು "ಮೀಸಿ ಇರೋ ನೋಟಿಸ್ ಬೋರ್ಡ್". ಅಂದು ನಕ್ಕವರಲ್ಲಿ ಗಂಟೆ ಬಾರಿಸುವ ಸಿಪಾಯಿಯೂ ಇದ್ದ. ಪ್ರಿನ್ಸಿಪಾಲರು ಅದನ್ನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು, ಈಗ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು, "ನಾ ಈ ಕುರ್ಚ್ಯಾಗ ಇರೂತನಕ ಸಿನಿಮಾ ಕುಣಿತ ಇಲ್ಲ, ಫಿಶ್‌ಪಾಂಡ್ ಇಲ್ಲ" ಎಂದು ಘೋಷಿಸಿದ್ದರು. ಹುಡುಗರೇನು ಕಡಿಮೆಯೇ? "ಐದು ಡ್ಯಾನ್ಸ್ ಬೇಕು, ಫಿಶ್‌ಪಾಂಡ್ ಬೇಕು, ಇಲ್ಲಂದ್ರ ಪ್ರವಚನಕ್ಕ ಒಬ್ಬರೂ ಬರಾಂಗಿಲ್ಲ" ಎಂದು ಅವರೂ ಅಂಗಳದಲ್ಲಿ ಕೂಗಿದ್ದರು. ನೋಡಿದಿರಾ? ಎರಡೂ ಕಡೆಯವರು ಬೆಲೆಯನ್ನು ಬಾಯಿಬಿಟ್ಟು ಹೇಳಿಬಿಟ್ಟಿದ್ದರು.

ನಾನು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹುಡುಗರ ಐದನ್ನು ಸ್ವಲ್ಪ ತಗ್ಗಿಸಿ ಕೇಳಿ ನೋಡಿದೆ. "ಇದು ಮಠದ ಕಾಲೇಜರಿ ಸಾವಕಾರ್ರ, ಮೆಣಸಿನಕಾಯಿ ಮಾರ್ಕೆಟ್ ಅಲ್ಲ" ಎಂದರು. ಎದುರಿಗೆ ಮೂವರು ಉಪನ್ಯಾಸಕರು ಕುಳಿತಿದ್ದಾಗ ಅವರು ಬೇರೇನು ಹೇಳಿಯಾರು? ಉಳಿದ ದಾರಿ ಒಂದೇ. ಮರುದಿನ ಪ್ರಿನ್ಸಿಪಾಲರನ್ನೂ ನೇತ್ರಾಳನ್ನೂ ಕರೆದುಕೊಂಡು ಮಠದ ಅಜ್ಜಾರ ಪಾದಕ್ಕೆ ಹೋದೆ. ಅಜ್ಜಾರು ಎಂದರೆ ನಮ್ಮ ಸ್ವಾಮಿಗಳು. ಮಾತು ಕಡಿಮೆ, ಕಣ್ಣು ಚುರುಕು. ಅವರ ಮುಂದೆ ನನ್ನ ದೊಡ್ಡ ಅಸ್ತ್ರವೇ ನಡೆಯುವುದಿಲ್ಲ: ಬೆಲೆ ಕುದುರದಾಗ ಬೆನ್ನು ತಿರುಗಿಸಿ ಹೊರಡುವುದು. ಗುರುಗಳಿಗೆ ಬೆನ್ನು ತೋರಿಸುವ ಹಾಗಿಲ್ಲವಲ್ಲ.

ಇಬ್ಬರೂ ತಮ್ಮ ತಮ್ಮ ದೂರು ಹೇಳಿದರು. ನಾನು ಮುಂದೆ ಸರಿದು, "ಅಜ್ಜಾರ, ಒಂದು ಮಾತು ಕಿವ್ಯಾಗ ಹೇಳ್ಲೇನ್ರಿ?" ಎಂದೆ.

ಅಜ್ಜಾರು ನನ್ನ ಹೆಗಲ ಮೇಲಿನ ಟವೆಲ್ಲು ನೋಡಿದರು. "ಕಿವ್ಯಾಗ ಯಾಕ? ನಾವೂ ಒಕ್ಕಲುತನದ ಮನಿಯಿಂದಽ ಬಂದಾವ್ರು. ಕೈ ಕೊಡ್ರಿ."

ಟವೆಲ್ಲು ಹಾಸಿ ಅದರಡಿ ಕೈಕೊಟ್ಟೆ. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು.

"ಈ ಸಲ ಮೆಣಸಿನಕಾಯಿ ಹೆಂಗ ಐತಿ, ಸಾವಕಾರ್ರ?" ಎಂದರು ಅಜ್ಜಾರು. ನಾನು ಕೆಳಗೆ ಇಡೀ ಹಸ್ತ ಹಿಡಿದೆ, ಐದು ಕುಣಿತ. ಅವರು ಒಂದೇ ಬೆರಳು ಹಿಡಿದರು.

"ಬಣ್ಣ ಚಲೋ ಬಿದ್ದೈತ್ರಿ ಅಜ್ಜಾರ." ನಾಲ್ಕು.

"ಮತ್ತ ಖಾರ?" ಎರಡು. ಹಿಡಿತ ಎಂಥದಂತೀರಿ! ಸಂತೆಯ ಪಳಗಿದ ದಲಾಲಿಗೂ ಅಂಥ ಹಿಡಿತವಿಲ್ಲ.

"ಖಾರ ಕಡಿಮೀರಿ. ನಮ್ಮ ಬ್ಯಾಡಗಿ ಕಾಯಿ ಗುಣಾನಽ ಹಂಗ." ಮೂರು. ಕೆಳಗೆ ಒಂದು ಕ್ಷಣ ಏನೂ ಅಲುಗಲಿಲ್ಲ. ಆಮೇಲೆ ಅಜ್ಜಾರು ನನ್ನ ಮೂರು ಬೆರಳನ್ನು ಒತ್ತಿ ಬಿಟ್ಟರು. ಕುದುರಿತು!

ಅವರು ಪ್ರಿನ್ಸಿಪಾಲರ ಕಡೆ ತಿರುಗಿ, "ಹುಡುಗ್ರ ಕುಣಿತಾನೂ ಬ್ಯಾಡಗಿ ಕಾಯಿಹಂಗ ಇರ್ಲಿ. ಬಣ್ಣ ಇರ್ಲಿ, ಖಾರ ಬ್ಯಾಡ" ಎಂದರು. ಯಾರು ಎಷ್ಟು ಇಳಿದರೆಂಬ ಲೆಕ್ಕವೇ ಹೊರಬರದ ಮೇಲೆ ಸೋತವರು ಯಾರು? ಪ್ರಿನ್ಸಿಪಾಲರು ಕೈಮುಗಿದರು.

"ಫಿಶ್‌ಪಾಂಡ್‌ರಿ, ಅಜ್ಜಾರ?" ಎಂದಳು ನೇತ್ರಾ, ಮೆಲ್ಲಗೆ.

"ಆಗ್ಲಿ ತಂಗಿ. ಆದ್ರ ಪ್ರಿನ್ಸಿಪಾಲರದು ಹೋದ ವರ್ಷ ಆಗೇತಿ. ಈ ವರ್ಷ ಕಮಿಟಿಯವ್ರದು ಆಗ್ಲಿ. ಏನಂತೀರಿ, ಸಾವಕಾರ್ರ?"

ಗೆದ್ದ ಸಂಭ್ರಮದಲ್ಲಿ ನಾನು "ಅಪ್ಪಣೆ" ಎಂದುಬಿಟ್ಟೆ. ಒಂದು ವರ್ಷದಿಂದ ನಗದಿದ್ದ ಪ್ರಿನ್ಸಿಪಾಲರು ಆ ಗಳಿಗೆಯಲ್ಲಿ ನಕ್ಕರು. ವ್ಯಾಪಾರ ಮುಗಿಯಿತೆಂದು ಖುಷಿಪಡುವಾಗಲೇ ಕೊನೆಯ ಷರತ್ತು ಬರುತ್ತದೆ, ಎಚ್ಚರವಿರಲಿ ಎಂದು ನಾನು ನೂರಾರು ಜನರಿಗೆ ಬುದ್ಧಿ ಹೇಳಿದ್ದೇನೆ.

ಹೊರಗೆ ಬಂದ ಮೇಲೆ ಮೂರು ಕುಣಿತವೆಂದು ಇಬ್ಬರಿಗೂ ತಿಳಿಸಿದೆ. ಪ್ರಿನ್ಸಿಪಾಲರು ಸ್ಟಾಫಿಗೆ, "ಐದು ಕೇಳಿದ್ರು, ಇಳಿಸಿದೆ" ಎಂದು ಹೇಳಿದರಂತೆ. ನೇತ್ರಾ ಗೆಳತಿಯರಿಗೆ, "ಒಂದೂ ಇದ್ದಿದ್ದಿಲ್ಲ, ಏರಿಸಿದೆ" ಎಂದಳಂತೆ. ನಾನು ಯಾರ ಮಾತನ್ನೂ ತಿದ್ದಲಿಲ್ಲ. ಒಳ್ಳೆಯ ದಲಾಲಿಯ ಲಕ್ಷಣವೇ ಅದು: ಗೆಲುವನ್ನು ಎರಡೂ ಕಡೆಗೆ ಮಾರುವುದು.

ಗ್ಯಾದರಿಂಗ್ ಆಯಿತು. ಆಯಿತೆಂದರೆ ಹಾಗೆ ಹೀಗೆ ಅಲ್ಲ! ರಾಣೆಬೆನ್ನೂರಿನಿಂದ ಸ್ಪೀಕರು ಬಂದವು, ಅಗಡಿಯಿಂದ ನನ್ನ ತಮ್ಮ ಟೆಂಪೋ ತುಂಬ ಬೀಗರನ್ನು ತಂದ. ವಚನ ಗಾಯನ ಮೊದಲು, ಅದಕ್ಕೂ ಭರ್ತಿ ಜನ. ಆಮೇಲೆ ನೇತ್ರಾಳ ತಂಡ ಹತ್ತಿತು. ಮಾಳಿಗೆಯಲ್ಲಿ ನನ್ನ ಚಹಾ ಅಲುಗಿಸಿದ ಹೆಜ್ಜೆಗಳು ಅಲ್ಲಿ ಇಡೀ ಪೆಂಡಾಲನ್ನೇ ಅಲುಗಿಸಿದವು. ಮೈಕು ಕುಂಯ್ಗುಟ್ಟಿದಾಗ ಪ್ರಿನ್ಸಿಪಾಲರು ತಾವೇ ಓಡಿಹೋಗಿ ಸರಿಮಾಡಿದರು. ಅಜ್ಜಾರ ಹೆಬ್ಬೆರಳು ಪೀಠದ ಕೈಮೇಲೆ ತಾಳ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ನನ್ನ ಎದೆ ಉಬ್ಬಿ ಅಂಗಿಯ ಗುಂಡಿಗೆ ಕಷ್ಟವಾಯಿತು.

ಕೊನೆಗೆ ಫಿಶ್‌ಪಾಂಡ್. ನೇತ್ರಾಳೇ ಚೀಟಿ ತೆಗೆದು ಓದಿದಳು: "ನಮ್ಮ ಕಮಿಟಿಯ ಸಾವಕಾರರಿಗೆ. ಯಮ ಬಂದು ಬಾಗಿಲಾ ಬಡಿದ್ರೂ, 'ಒಂಟಿ ಕೊಡಾಂಗಿಲ್ಲ, ಜೋಡಿ ಒಯ್ಯೋದಾದ್ರ ಮಾತಾಡ್ರಿ' ಅನ್ನೋರು!"

ಪೆಂಡಾಲು ಬಿದ್ದುಬಿದ್ದು ನಕ್ಕಿತು. ಅಜ್ಜಾರು ಶಲ್ಯವನ್ನು ಬಾಯಿಗೆ ಹಿಡಿದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ. ಹೆಂಗಸರ ಕಡೆ ಒಬ್ಬಳೇ ಒಬ್ಬಳು ನಗದೆ ಕುಳಿತಿದ್ದಳು.

ಸ್ಕೂಟರಿನ ಹಿಂದೆ ಕುಳಿತ ಗಿರಿಜಾ ಮನೆಯ ದಾರಿಯಲ್ಲಿ ಕೇಳಿದಳು, "ಆ ಜೋಡ್ಯಾಗ ಇನ್ನೊಂದು ಯಾರು?"

"ಅದು ಹುಡುಗ್ರ ಚ್ಯಾಷ್ಟಿ, ಮನಸ್ಸಿಗೆ ಹಚ್ಚಿಕೋಬ್ಯಾಡ" ಎಂದೆ.

"ಚ್ಯಾಷ್ಟಿ ಇರ್ಲಿ. ಯಮ ಬಂದ್ರ ನೀವು ಏಳಬ್ಯಾಡ್ರಿ, ಬಾಗಿಲಾ ನಾ ತಗೀತೇನಿ. 'ಇದೊಂದನ್ನಽ ಒಯ್ರಿ, ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ' ಅಂತೇನಿ."

ಒಯ್ಯಿರಿ ಎಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ಹಕ್ಕಿದೆ. ಆದರೆ ನೀವೇ ಹೇಳಿ, ಕಟ್ಟಿಕೊಂಡವಳು ನನಗೊಂದು ಬೆಲೆಯನ್ನಾದರೂ ಹೇಳಬಾರದಿತ್ತೇ?